ಸೀಲು ಬದಲಿಸುವ ಮುಂಚೆ ಪಿಸಿವಿ ನೋಡು

ಕಾರಿನ ಅಡಿಯಲ್ಲಿ ಆಯಿಲ್ ಕಂಡ ಕೂಡಲೇ ಸೀಲನ್ನು ಬಯ್ಯಬೇಡ ಮಗಾ. ಸೀಲು ಅಂದರೆ ಒಂದು ರಬ್ಬರು ಬಳೆ, ಅಷ್ಟೇ. ಒಳಗಿಂದ ಒತ್ತಡ ತಳ್ಳುತ್ತಲೇ ಇದ್ದರೆ ಅದು ಎಷ್ಟು ದಿನ ತಡೆದೀತು? ಹೊಸದು ಹಾಕಿಸಿದರೂ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಜಾಗದಲ್ಲಿ ಒದ್ದೆ. ಆಗ ಮೆಕ್ಯಾನಿಕ್ಕನ್ನು ಬಯ್ಯುವುದು, ಆಮೇಲೆ ಬಿಡಿಭಾಗದ ಅಂಗಡಿಯವನನ್ನು, ಕೊನೆಗೆ ಕಾರು ಮಾರಿದವನನ್ನು. ಇಂಜಿನ್ನಿನ ಮೇಲೆ ಒಂದು ಮೂಲೆಯಲ್ಲಿ ಹೆಬ್ಬೆರಳು ಗಾತ್ರದ ಪಿಸಿವಿ ವಾಲ್ವ್ ಕೂತಿರುತ್ತದಲ್ಲ, ಅದನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ.

ನೀನು ಹಳೇ ಪೆಟ್ರೋಲ್ ಕಾರು ಕೊಂಡಿದ್ದೀಯ, ಬೆಂಗಳೂರಿನಲ್ಲಿ ಓಡಿಸುತ್ತಿದ್ದೀಯ ಅಂತ ನಿನ್ನಪ್ಪ ಹೇಳಿದ. ಒಳ್ಳೆಯದಾಯಿತು. ಬ್ಯಾಕ್ ಸೀಲ್ ಸೋರುತ್ತಿದೆ, ಗೇರ್‌ಬಾಕ್ಸ್ ಇಳಿಸಬೇಕು ಅಂತ ಯಾರೋ ದೊಡ್ಡ ಎಸ್ಟಿಮೇಟ್ ಕೊಟ್ಟಿದ್ದಾರೆ ಅಂತಲೂ ಹೇಳಿದ. ಇಳಿಸಲು ಹೇಳುವ ಮುಂಚೆ ಈ ದೊಡ್ಡಪ್ಪನ ಮಾತು ಸ್ವಲ್ಪ ಕೇಳು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಬದುಕೆಲ್ಲ ಗ್ರೀಸು ಮೆತ್ತಿಕೊಂಡು ಕಲಿತದ್ದರಲ್ಲಿ ನಿನ್ನಂಥವರಿಗೆ ಹೇಳಲೇಬೇಕಾದದ್ದು ಇದು: ಆಯಿಲ್ ಎಲ್ಲಿಂದ ಸೋರುತ್ತಿದೆ ಅನ್ನುವುದು ಎರಡನೆಯ ಪ್ರಶ್ನೆ. ಅದನ್ನು ಹೊರಗೆ ತಳ್ಳುತ್ತಿರುವುದು ಏನು ಅನ್ನುವುದು ಮೊದಲನೆಯದು.

ಬೋರು, ಅಂದರೆ ಸಿಲಿಂಡರಿನೊಳಗೆ ಪೆಟ್ರೋಲು ಉರಿದಾಗ ಹುಟ್ಟುವ ಒತ್ತಡವೇ ಪಿಸ್ಟನ್ನನ್ನು ಕೆಳಗೆ ದಬ್ಬುತ್ತದೆ, ಗಾಡಿ ಓಡುವುದು ಅದರಿಂದಲೇ. ಪಿಸ್ಟನ್ನಿನ ಸುತ್ತ ರಿಂಗುಗಳಿರುತ್ತವೆ. ಪ್ರತಿ ರಿಂಗಿನ ಎರಡು ತುದಿಗಳ ನಡುವೆ ಹೆಚ್ಚುಕಡಿಮೆ ಕಾಲು ಮಿಲಿಮೀಟರಿನ ಸಂದು ಬಿಡಲೇಬೇಕು, ಇಲ್ಲದಿದ್ದರೆ ಕಾದು ಹಿಗ್ಗಿದಾಗ ಅದು ಬೋರನ್ನೇ ಕಚ್ಚಿಕೊಳ್ಳುತ್ತದೆ. ಆ ಸಂದಿನಿಂದ ಉರಿದ ಗ್ಯಾಸು ಸ್ವಲ್ಪ ಸ್ವಲ್ಪವಾಗಿ ಕೆಳಗೆ ಕ್ರ್ಯಾಂಕ್ ಇರುವ ಜಾಗಕ್ಕೆ ನುಸುಳುತ್ತದೆ. ಗ್ಯಾರೇಜಿನಲ್ಲಿ ನಾವು ಬ್ಯಾಕ್ ಕಂಪ್ರೆಷನ್ ಅನ್ನುವುದು ಇದಕ್ಕೇ. ಇವತ್ತು ಬೆಳಿಗ್ಗೆ ಶೋರೂಮಿನಿಂದ ಹೊರಟ ಕಾರಿನಲ್ಲೂ ಇದು ಇದ್ದೇ ಇರುತ್ತದೆ, ರಿಂಗು ಸವೆದ ಇಂಜಿನ್ನಿನಲ್ಲಿ ಜಾಸ್ತಿ. ಆದ್ದರಿಂದ ‘ಬ್ಯಾಕ್ ಕಂಪ್ರೆಷನ್ ಇದೆ’ ಅಂತ ಯಾರಾದರೂ ಮುಖ ಗಂಭೀರ ಮಾಡಿಕೊಂಡು ಹೇಳಿದರೆ ಹೆದರಬೇಡ. ಎಷ್ಟಿದೆ, ಅದು ಹೋಗಬೇಕಾದ ದಾರಿ ತೆರೆದಿದೆಯಾ, ಅದನ್ನು ಕೇಳು.

ಹೀಗೆ ಇಳಿದು ಬರುವುದು ಬರೀ ಹೊಗೆಯಲ್ಲ. ಅದರಲ್ಲಿ ಉರಿಯದೆ ಉಳಿದ ಪೆಟ್ರೋಲಿದೆ, ಆಮ್ಲ ಹುಟ್ಟಿಸುವ ಗ್ಯಾಸಿದೆ, ಎಲ್ಲಕ್ಕಿಂತ ಹೆಚ್ಚಾಗಿ ನೀರಿನ ಆವಿಯಿದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ ಅಂದರೆ ನಂಬುತ್ತೀಯಾ? ಬೆಳಗಿನ ಚಳಿಯಲ್ಲಿ ಸೈಲೆನ್ಸರಿನ ತುದಿಯಿಂದ ತೊಟ್ಟಿಕ್ಕುವುದು ಆ ನೀರೇ. ಬಹುಪಾಲು ಅಲ್ಲೇ ಹೊರಗೆ ಹೋಗುತ್ತದೆ. ರಿಂಗಿನ ಪಕ್ಕದಿಂದ ಇಳಿದ ಪಾಲು ಮಾತ್ರ ಆಯಿಲ್ ಜೊತೆ ಸೇರಿ, ಆಮ್ಲದ ಜೊತೆ ಸೇರಿ, ತಿಂಗಳುಗಟ್ಟಲೆ ನಿಂತು ಕಪ್ಪು ಗಸಿಯಾಗುತ್ತದೆ. ಗಸಿ ಆಯಿಲ್ ಚೇಂಬರಿನ ತಳದ ಜಾಲರಿಗೆ ಮೆತ್ತಿಕೊಂಡರೆ ಆಯಿಲ್ ಪಂಪಿಗೆ ಎಳೆಯಲು ಆಯಿಲ್ ಸಿಗುವುದಿಲ್ಲ. ಅಲ್ಲಿಂದ ಮುಂದೆ ಬೇರಿಂಗು, ಕ್ರ್ಯಾಂಕು, ಇಂಜಿನ್ನು.

ಅಜ್ಜನ ಮನೆಯ ಬಚ್ಚಲ ಒಲೆ ನೆನಪಿದೆಯಲ್ಲ. ಹೊಗೆ ಕೊಳವೆ ಮಸಿಯಿಂದ ಕಟ್ಟಿಕೊಂಡ ದಿನ ಹೊಗೆ ಒಲೆಯ ಬಾಯಿಂದ, ಹಂಡೆಯ ಸುತ್ತಿನಿಂದ, ಗೋಡೆಯ ಬಿರುಕಿನಿಂದ ಬರುತ್ತಿತ್ತು. ಆಗ ಯಾರೂ ಬಿರುಕಿಗೆ ಸಿಮೆಂಟು ಮೆತ್ತಲು ಹೋಗುತ್ತಿರಲಿಲ್ಲ, ಕೊಳವೆ ತಟ್ಟಿ ಮಸಿ ಬೀಳಿಸುತ್ತಿದ್ದರು. ಕಾರಿನ ವಿಷಯಕ್ಕೆ ಬಂದಾಗ ಓದಿದವರೂ ಬಿರುಕಿಗೆ ಸಿಮೆಂಟು ಹುಡುಕುತ್ತಾರೆ.

ಪಿಸಿವಿ ಮಾಡುವ ಕೆಲಸ ಸಣ್ಣದು, ಆದರೆ ಬುದ್ಧಿವಂತಿಕೆಯದು. ಒಂದು ಕಡೆ ಏರ್ ಫಿಲ್ಟರಿನಿಂದ ಬ್ರೀದರ್ ಹೋಸಿನ ಮೂಲಕ ಶುದ್ಧ ಗಾಳಿ ಇಂಜಿನ್ನಿನೊಳಗೆ ಬರುತ್ತದೆ. ಇನ್ನೊಂದು ಕಡೆ ಒಳಗಿನ ಕೊಳಕು ಗಾಳಿಯನ್ನು ಇನ್‌ಟೇಕ್ ಮ್ಯಾನಿಫೋಲ್ಡು ತನ್ನ ವ್ಯಾಕ್ಯೂಮಿನಿಂದ ಎಳೆದುಕೊಳ್ಳುತ್ತದೆ. ಎಳೆದದ್ದು ಮತ್ತೆ ಬೋರಿಗೆ ಹೋಗಿ ಉರಿದುಹೋಗುತ್ತದೆ. ಆ ಎಳೆಯುವ ದಾರಿಯಲ್ಲಿ ಕೂತದ್ದು ಈ ವಾಲ್ವು. ಒಳಗೆ ಒಂದು ಸ್ಪ್ರಿಂಗು, ಒಂದು ಚೂಪಾದ ಪಿನ್ನು, ಬೇರೇನಿಲ್ಲ. ಐಡ್ಲಿಂಗಿನಲ್ಲಿ ವ್ಯಾಕ್ಯೂಮು ಜೋರಾಗಿರುತ್ತದೆ, ಇಳಿದುಬರುವ ಗ್ಯಾಸು ಕಡಿಮೆ. ಆಗ ಪಿನ್ನು ಸ್ಪ್ರಿಂಗಿನ ವಿರುದ್ಧ ಎಳೆದುಕೊಂಡು ಹೋಗಿ ದಾರಿಯನ್ನು ಕಿರಿದು ಮಾಡುತ್ತದೆ. ಹೈವೇಯಲ್ಲಿ ಹದವಾಗಿ ಓಡುವಾಗ ವ್ಯಾಕ್ಯೂಮು ಇಳಿದು ದಾರಿ ಅಗಲವಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದು ಘಾಟಿ ಹತ್ತಿಸುವಾಗ ವ್ಯಾಕ್ಯೂಮೇ ಇಲ್ಲದಂತಾಗಿ, ವಾಲ್ವು ಎಳೆಯಲಾರದಷ್ಟು ಗ್ಯಾಸು ಬ್ರೀದರ್ ಹೋಸಿನಿಂದ ಹಿಂದಕ್ಕೆ ಏರ್ ಫಿಲ್ಟರಿನ ಕಡೆ ಹೋಗುತ್ತದೆ. ಫಿಲ್ಟರ್ ಡಬ್ಬಿಯ ಮೂಲೆಯಲ್ಲಿ ಸ್ವಲ್ಪ ಆಯಿಲ್ ಪಸೆ ಕಂಡರೆ ಗಾಬರಿಯಾಗಬೇಡ ಅನ್ನುವುದು ಅದಕ್ಕೇ. ಇನ್‌ಟೇಕಿನಲ್ಲಿ ಬ್ಯಾಕ್‌ಫೈರ್ ಆದರೆ ಪಿನ್ನು ಹಿಂದೆ ಬಂದು ಬಾಯಿ ಮುಚ್ಚುತ್ತದೆ, ಬೆಂಕಿ ಆಯಿಲ್ ಆವಿಯವರೆಗೆ ಹೋಗದ ಹಾಗೆ. ಇಷ್ಟನ್ನೂ ಕಂಪ್ಯೂಟರಿಲ್ಲದೆ, ತಂತಿಯಿಲ್ಲದೆ ಮಾಡುತ್ತದೆ ಮಾರಾಯ.

ಹಿಂದೆ ಇದಿರಲಿಲ್ಲ. ಹಳೇ ಅಂಬಾಸಿಡರಿನ ಇಂಜಿನ್ನಿನ ಪಕ್ಕದಿಂದ ಒಂದು ಪೈಪು ನೆಲದ ಕಡೆ ಇಳಿದಿರುತ್ತಿತ್ತು. ಗಾಡಿ ಓಡುವಾಗ ಅಡಿಯಲ್ಲಿ ಬೀಸುವ ಗಾಳಿಯೇ ಅದರೊಳಗಿನ ಹೊಗೆಯನ್ನು ಎಳೆಯಬೇಕು. ಓಡಿದರೆ ಸರಿ, ಸಂತೆಯ ದಿನ ಗಾಂಧಿ ಬಜಾರಿನಲ್ಲಿ ನಿಂತರೆ ಎಳೆಯುವವರಿಲ್ಲ. ಗಾಡಿ ನಿಲ್ಲುತ್ತಿದ್ದ ಜಾಗದಲ್ಲೆಲ್ಲ ಆಯಿಲ್ ಹನಿ. ಇದಕ್ಕೆ ಮುಂಚೆಯೇ, ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಮ್ಯಾನಿಫೋಲ್ಡಿನಲ್ಲಿ ಈ ವಾಲ್ವಿನ ಪೂರ್ವಜ ಇತ್ತು. ಹೊಳೆ ದಾಟಬೇಕಾದ ಮಿಲಿಟರಿ ಗಾಡಿಗೆ ಕೆಳಗೆ ತೆರೆದ ಪೈಪು ಇಟ್ಟರೆ ನೀರು ನುಗ್ಗುತ್ತದಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರಾದವರು ಜೋಡಿಸಿ ಮಾರಿದ್ದು ಆ ವಿಲ್ಲಿಸ್ ಜೀಪುಗಳನ್ನೇ. ಮಲೆನಾಡಿನ ತೋಟಗಳಲ್ಲಿ ಅವುಗಳ ಮೊಮ್ಮಕ್ಕಳು ಇನ್ನೂ ಅಡಿಕೆ ಹೊರುತ್ತಿವೆ.

ಮಾಮೂಲಿ ಕಾರಿಗೆ ಇದು ಬಂದದ್ದು ಇಂಜಿನ್ನಿನ ಮೇಲಿನ ಪ್ರೀತಿಯಿಂದಲ್ಲ, ಊರಿನ ಗಾಳಿ ಕೆಟ್ಟದ್ದರಿಂದ. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಕಣ್ಣುರಿಸುವ ಮಂಜು ಕವಿಯುತ್ತಿತ್ತು. ಕಾರುಗಳಿಂದ ಬರುವ ಅರೆ ಉರಿದ ಇಂಧನ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿಗೆ ಸೇರಿ ಅದು ಆಗುತ್ತಿದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ಅದಕ್ಕೂ ಮುಂಚೆ ಅವರು ಅನಾನಸಿನ ಪರಿಮಳ ಎಲ್ಲಿಂದ ಬರುತ್ತದೆ ಅಂತ ಹುಡುಕುತ್ತಿದ್ದವರಂತೆ, ಬನವಾಸಿ ಕಡೆಯವರು ಕೇಳಿದರೆ ಖುಷಿಪಟ್ಟಾರು. ಆ ಕಾಲದ ಕಾರು ಹೊರಗೆ ಬಿಡುತ್ತಿದ್ದ ಹೈಡ್ರೋಕಾರ್ಬನ್ನಿನಲ್ಲಿ ಸುಮಾರು ಐದನೇ ಒಂದು ಪಾಲು ಸೈಲೆನ್ಸರಿನಿಂದಲ್ಲ, ಆ ಕೆಳಗಿನ ಪೈಪಿನಿಂದ ಬರುತ್ತಿತ್ತು. 1961ರಲ್ಲಿ ಕ್ಯಾಲಿಫೋರ್ನಿಯ ಸರ್ಕಾರ ಹೊಸ ಕಾರುಗಳಿಗೆ ಪಿಸಿವಿಯನ್ನು ಕಡ್ಡಾಯ ಮಾಡಲು ತೀರ್ಮಾನಿಸಿತು. ಕಾರಿನ ಹೊಗೆಗೆ ಆ ದೇಶದಲ್ಲಿ ಕಾನೂನಿನ ಕಡಿವಾಣ ಬಿದ್ದದ್ದು ಈ ಹೆಬ್ಬೆರಳು ಗಾತ್ರದ ವಾಲ್ವಿನಿಂದಲೇ. ಇವತ್ತು ನಮ್ಮ ಭಾರತ್ ಸ್ಟೇಜ್ ನಿಯಮವೂ ಅದನ್ನೇ ಹೇಳುತ್ತದೆ, ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸಿನಿಂದ ಗಾಳಿಗೆ ಏನೂ ಹೋಗಕೂಡದು. ಆದರೆ ರಸ್ತೆ ಬದಿಯ ಹೊಗೆ ತಪಾಸಣೆಯಲ್ಲಿ ಕೊಳವೆ ಇಡುವುದು ಸೈಲೆನ್ಸರಿಗೆ ಮಾತ್ರ. ಬ್ರೀದರ್ ಹೋಸು ಕಿತ್ತು ನೆಲಕ್ಕೆ ಬಿಟ್ಟ ಕಾರಿಗೂ ಸರ್ಟಿಫಿಕೇಟು ಸಿಕ್ಕಿಬಿಡುತ್ತದೆ. ಸರ್ಟಿಫಿಕೇಟು ಇದೆ ಅಂದ ಮಾತ್ರಕ್ಕೆ ಪಿಸಿವಿ ಸರಿಯಿದೆ ಅಂದುಕೊಳ್ಳಬೇಡ.

ಇನ್ನು ಕೆಟ್ಟಾಗ ಏನಾಗುತ್ತದೆ ನೋಡು. ಕೆಡುವುದು ಎರಡು ರೀತಿ. ಗಸಿ ಕಟ್ಟಿ ಮುಚ್ಚಿಹೋಗುವುದು ಒಂದು, ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುವುದು ಇನ್ನೊಂದು. ಮುಚ್ಚಿಹೋದರೆ ಒಳಗಿನ ಗ್ಯಾಸಿಗೆ ದಾರಿಯಿಲ್ಲ. ಟ್ಯಾಪೆಟ್ ಕವರಿನ ಪ್ಯಾಕಿಂಗಿನಿಂದ ಆಯಿಲ್ ಜಿನುಗುತ್ತದೆ, ಕ್ರ್ಯಾಂಕಿನ ಹಿಂದಿನ ಸೀಲು, ಮುಂದಿನ ಸೀಲು ಸೋರುತ್ತವೆ. ಜೋರಾಗಿದ್ದರೆ ಡಿಪ್‌ಸ್ಟಿಕ್ಕು ತನ್ನಷ್ಟಕ್ಕೆ ಮೇಲೆ ಎದ್ದು ಕೂತಿರುತ್ತದೆ, ಏರ್ ಫಿಲ್ಟರು ಆಯಿಲ್ ಕುಡಿದು ಭಾರವಾಗಿರುತ್ತದೆ. ತೆರೆದೇ ನಿಂತರೆ ಕತೆ ಬೇರೆ. ಐಡ್ಲಿಂಗಿನಲ್ಲಿ ಕಂಪ್ಯೂಟರಿಗೆ ಲೆಕ್ಕವಿಲ್ಲದ ಗಾಳಿ ಒಳಗೆ ನುಗ್ಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುತ್ತದೆ, ಗಾಡಿ ನಡುಗುತ್ತದೆ, ಚೆಕ್ ಇಂಜಿನ್ ದೀಪ ಹತ್ತುತ್ತದೆ. ಸ್ಕ್ಯಾನರ್ ಹಾಕಿದರೆ ಪಿ 0171 ಅಂತ ಬರುತ್ತದೆ, ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿದೆ ಅಂತ ಅದರ ಅರ್ಥ. ಅದನ್ನು ನೋಡಿ ಆಕ್ಸಿಜನ್ ಸೆನ್ಸಾರು, ಇಂಜೆಕ್ಟರು, ಫ್ಯೂಯಲ್ ಪಂಪು ಅಂತ ಒಂದೊಂದೇ ಬದಲಿಸುವವರಿದ್ದಾರೆ. ಸ್ಕ್ಯಾನರು ರೋಗದ ಲಕ್ಷಣ ಹೇಳುತ್ತದೆ. ಒಡೆದ ಹೋಸು ಯಾವುದು ಅಂತ ಹೇಳುವುದಿಲ್ಲ, ಅದನ್ನು ಕಣ್ಣು, ಕಿವಿ, ಬೆರಳು ಹುಡುಕಬೇಕು. ಹಾಗೆ ತೆರೆದೇ ಇರುವ ವಾಲ್ವು ಆಯಿಲನ್ನೂ ಎಳೆದು ಉರಿಸುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ. ನೀಲಿ ಹೊಗೆ ಕಂಡರೆ ‘ಬೋರಿಗೆ ಬಂದಿದೆ’, ಅಂದರೆ ಇಂಜಿನ್ನು ಬಿಚ್ಚಿ ಬೋರ್ ಮಾಡಿಸಬೇಕು ಅನ್ನುವುದು ನಮ್ಮ ಲೈನಿನ ಹಳೇ ಚಾಳಿ.

ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಂಡರೂ ಜನ ನೇರ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತಾರೆ. ಹೋಗಿರಲೂಬಹುದು. ಆದರೆ ಮೊದಲು ಕೂಲೆಂಟ್ ಕಡಿಮೆಯಾಗುತ್ತಿದೆಯಾ ನೋಡು, ಡಿಪ್‌ಸ್ಟಿಕ್ಕಿನ ತುದಿಯಲ್ಲೂ ಅದೇ ಬಣ್ಣವಿದೆಯಾ ನೋಡು. ಎರಡೂ ಇಲ್ಲ, ಮುಚ್ಚಳದಲ್ಲಿ ಮಾತ್ರ ಇದೆ ಅಂದರೆ ಬಹಳ ಸಲ ಅದು ಒಣಗದ ಆವಿ. ನೀನು ಮನೆಯಿಂದ ಆಫೀಸಿಗೆ ಮೂರು ಕಿಲೋಮೀಟರು ಹೋಗುತ್ತೀಯ, ಅದರಲ್ಲಿ ಅರ್ಧ ಹೊತ್ತು ಸಿಗ್ನಲ್ಲಿನಲ್ಲಿ ನಿಂತಿರುತ್ತೀಯ. ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ, ನೀರು ಆವಿಯಾಗಿ ಹೋಗುವುದೂ ಇಲ್ಲ. ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ, ಆಗುಂಬೆ ಕಡೆಯ ಗಾಡಿಗಳಲ್ಲಿ ಇದು ಮಾಮೂಲು. ಕೆನಡಾದಂಥ ಹಿಮದ ದೇಶದಲ್ಲಿರುವ ನಮ್ಮವರಿಗೆ ಇನ್ನೂ ಕಷ್ಟ, ಹೋಸಿನೊಳಗಿನ ನೀರು ಹೆಪ್ಪುಗಟ್ಟಿ ದಾರಿಯನ್ನೇ ಮುಚ್ಚಿ ಸೀಲು ಹಾರಿಸುತ್ತದೆ. ನಿನಗೆ ಅಷ್ಟು ತಾಪತ್ರಯವಿಲ್ಲ. ವಾರಕ್ಕೊಮ್ಮೆ ತುಮಕೂರಿನ ಕಡೆಗೋ ರಾಮನಗರದ ಕಡೆಗೋ ಅರ್ಧ ಮುಕ್ಕಾಲು ಗಂಟೆ ಚೆನ್ನಾಗಿ ಓಡಿಸು, ಇಂಜಿನ್ನು ಪೂರ್ತಿ ಕಾಯಲಿ. ಆಯಿಲನ್ನು ಕಂಪನಿ ಹೇಳಿದ ಕಿಲೋಮೀಟರು ಆಗಿರದಿದ್ದರೂ ವರ್ಷಕ್ಕೊಮ್ಮೆ ಬದಲಿಸು.

ಪರೀಕ್ಷೆ ನೀನೇ ಮಾಡಬಹುದು. ಒಂದು ಎಚ್ಚರಿಕೆ ಮಾತ್ರ: ಓಡುವ ಇಂಜಿನ್ನಿನ ಮೇಲೆ ಬಗ್ಗುವ ಮುಂಚೆ ಕೊರಳಿನ ಆಫೀಸ್ ಐಡಿ ಪಟ್ಟಿ ತೆಗೆದಿಡು, ಕೈಯ ದಾರ, ತೋಳು ಜೋತಾಡುವ ಅಂಗಿ ಏನೂ ಬೇಡ. ಬೆಲ್ಟು ಕಣ್ಣಿಗೆ ಕಾಣುತ್ತದೆ, ರೇಡಿಯೇಟರ್ ಫ್ಯಾನು ಮಾತ್ರ ಹೇಳದೆ ಕೇಳದೆ ತಿರುಗಲು ಶುರುಮಾಡುತ್ತದೆ.

ಇಂಜಿನ್ನು ಬಿಸಿಯಾಗಿ ಐಡ್ಲಿಂಗಿನಲ್ಲಿರುವಾಗ ವಾಲ್ವನ್ನು ಹೋಸಿನ ಸಮೇತ ಟ್ಯಾಪೆಟ್ ಕವರಿನಿಂದ ಈಚೆ ತೆಗೆದು ಬಾಯಿಗೆ ಬೆರಳು ಮುಚ್ಚು. ಬೆರಳನ್ನು ಹಿಡಿದೆಳೆಯಬೇಕು, ಒಳಗೆ ಟಿಕ್ ಅನ್ನಬೇಕು, ಇಂಜಿನ್ನಿನ ಸದ್ದು ಒಂದು ಕ್ಷಣ ಬದಲಾಗಬೇಕು. ಎಳೆಯದಿದ್ದರೆ ವಾಲ್ವೋ ಹೋಸೋ ಕಟ್ಟಿದೆ. ಹೋಸಿನ ಬುಡದಲ್ಲಿ ಎಳೆದು ವಾಲ್ವಿನ ಬಾಯಲ್ಲಿ ಎಳೆಯದಿದ್ದರೆ ತಪ್ಪು ವಾಲ್ವಿನದು. ಹೊರಗೆ ತೆಗೆದಾಗ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ಹಳೇ ಪದ್ಧತಿ, ಲೋಹದ ವಾಲ್ವಾದರೆ ಗಲಗಲ ಅನ್ನಬೇಕು. ಅನ್ನದಿದ್ದರೆ ಕೆಟ್ಟಿದೆ, ಸಂಶಯವೇ ಬೇಡ. ಗಲಗಲ ಅಂದ ಮಾತ್ರಕ್ಕೆ ಸರಿಯಿದೆ ಅಂತ ಹೇಳಲಾಗದು, ಸ್ಪ್ರಿಂಗು ಸೋತಿದ್ದರೂ ಪಿನ್ನು ಸದ್ದು ಮಾಡುತ್ತದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ರಬ್ಬರು ಡಯಾಫ್ರಾಮಿನ ವಾಲ್ವು ಬರುತ್ತದೆ, ಅವು ಸರಿಯಿದ್ದಾಗಲೂ ಸದ್ದು ಮಾಡುವುದಿಲ್ಲ.

ಇನ್ನೊಂದು ಪರೀಕ್ಷೆ ಆಯಿಲ್ ಹಾಕುವ ಬಾಯಿಯಲ್ಲಿ. ಮುಚ್ಚಳ ತೆಗೆದು, ಏರ್ ಫಿಲ್ಟರಿನಿಂದ ಬರುವ ಬ್ರೀದರ್ ಹೋಸನ್ನು ಬೆರಳಲ್ಲಿ ಅದುಮಿ ಹಿಡಿದು, ಮದುವೆ ಕಾಗದದಂಥ ಗಟ್ಟಿ ಕಾಗದವನ್ನು ಆ ಬಾಯಿಯ ಮೇಲೆ ಇಡು. ಸ್ವಲ್ಪ ಹೊತ್ತಿಗೆ ಕಾಗದವನ್ನು ಒಳಗೆ ಎಳೆದು ಹಿಡಿದುಕೊಂಡರೆ ಪಿಸಿವಿ ಕೆಲಸ ಮಾಡುತ್ತಿದೆ. ಹೋಸನ್ನು ಅದುಮದೆ ಮಾಡಿದರೆ ಏನೂ ಗೊತ್ತಾಗುವುದಿಲ್ಲ, ಆ ದಾರಿಯಿಂದ ಗಾಳಿ ಬಂದು ಲೆಕ್ಕ ತಪ್ಪಿಸುತ್ತದೆ. ಬಹಳ ಮಂದಿ ಇಲ್ಲೇ ಎಡವುತ್ತಾರೆ. ಮುಚ್ಚಳ ತೆಗೆದರೆ ಆಯಿಲ್ ಎರಚುವ ಇಂಜಿನ್ನಾದರೆ ಕಾಗದದ ಬದಲು ರಬ್ಬರು ಗ್ಲೌಸು ಕಟ್ಟಿ ನೋಡು, ಒಳಗೆ ಸರಿದರೆ ಸರಿ, ಹಿಗ್ಗಿ ಕೈ ಎತ್ತಿ ನಿಂತರೆ ಒಳಗೆ ಒತ್ತಡವಿದೆ. ಹೊಸ ವಾಲ್ವು ಹಾಕಿದ ಮೇಲೂ ಹಾಗೆಯೇ ಹಿಗ್ಗಿದರೆ ಆಗ ಕಂಪ್ರೆಷನ್ ಗೇಜು ಹಾಕಿಸು. ಒಂದು ಬೋರಿನದು ಉಳಿದವಕ್ಕಿಂತ ತೀರಾ ಇಳಿದಿದ್ದರೆ, ಅಲ್ಲಿಗೆ ಒಂದು ಚಮಚ ಆಯಿಲ್ ಬಿಟ್ಟಾಗ ಏರಿದರೆ, ರಿಂಗು ಹೋಗಿದೆ. ಅಂಥ ಇಂಜಿನ್ನನ್ನು ಪಿಸಿವಿ ಉಳಿಸುವುದಿಲ್ಲ. ಅದಕ್ಕೆ ಖರ್ಚು ಮಾಡಲೇಬೇಕು, ಅಥವಾ ಕಾರು ಬಿಡಬೇಕು.

ಹಳೇ ಕಾರು ನೋಡಲು ಹೋಗುವ ನಿನ್ನ ಗೆಳೆಯರಿಗೂ ಇದನ್ನು ಹೇಳು. ಬ್ಯಾಕ್ ಕಂಪ್ರೆಷನ್ ಹೊಡೆಯುವ ಗಾಡಿಯನ್ನು ಮಾರುವಾಗ ಬ್ರೀದರ್ ಹೋಸನ್ನು ಕಿತ್ತು ಕೆಳಗೆ ಇಳಿಬಿಟ್ಟು, ಏರ್ ಫಿಲ್ಟರಿನ ತೂತಿಗೆ ಮುಚ್ಚಳ ಹೊಡೆದಿರುತ್ತಾರೆ. ಫಿಲ್ಟರು ಒಣಗಿ ಚೊಕ್ಕವಾಗಿ ಕಾಣುತ್ತದೆ. ಪೈಪು ನೆಲದ ಕಡೆ ಇಳಿದಿದ್ದು ಕಂಡರೆ ಬೆಲೆಯ ಮಾತು ಅಲ್ಲಿಗೇ ನಿಲ್ಲಿಸಿ ಕಂಪ್ರೆಷನ್ ಟೆಸ್ಟ್ ಕೇಳಿ. ಆಯಿಲ್ ತಿನ್ನುತ್ತದೆ ಅಂತ ಪಿಸಿವಿ ಹೋಸಿಗೆ ಒಂದು ಬೋಲ್ಟು ತುರುಕಿ ಕ್ಲಿಪ್ಪು ಬಿಗಿದಿರುವುದೂ ಉಂಟು. ಅದು ಕೈಚಳಕವಲ್ಲ, ಇಂಜಿನ್ನಿಗೆ ಹಾಕಿದ ಉರುಳು.

ಬದಲಿಸುವ ಕೆಲಸ ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ ಸುಲಭ. ವಾಲ್ವು ಎಲ್ಲಿದೆ ಅನ್ನುವುದು ಮಾತ್ರ ಕಾರಿನಿಂದ ಕಾರಿಗೆ ಬೇರೆ. ಕೆಲವದರಲ್ಲಿ ಟ್ಯಾಪೆಟ್ ಕವರಿನ ರಬ್ಬರು ಗ್ರಾಮೆಟ್ಟಿಗೆ ತಳ್ಳಿ ಕೂರಿಸಿರುತ್ತಾರೆ, ಕೆಲವದರಲ್ಲಿ ತಿರುಪಿನ ಮರೆ ಇರುತ್ತದೆ, ಹಳೇ ಕೊರೊಲ್ಲಾದಲ್ಲಿದ್ದ ಹಾಗೆ ಸ್ಪ್ಯಾನರಿನಿಂದ ಬಿಚ್ಚಬೇಕು. ಮ್ಯಾನಿಫೋಲ್ಡಿನ ಕೆಳಗೆ ಕೈ ಹೋಗದ ಕಡೆ ಇಟ್ಟವರೂ ಇದ್ದಾರೆ. ಜರ್ಮನ್ ಕಾರು ಕೊಳ್ಳುವ ಆಸೆ ಇದ್ದರೆ ಈಗಲೇ ತಿಳಿದುಕೊ, ಹಲವದರಲ್ಲಿ ವಾಲ್ವು ಕವರಿನೊಳಗೇ ಸೇರಿಕೊಂಡಿರುತ್ತದೆ, ಡಯಾಫ್ರಾಮು ಹರಿದರೆ ಇಡೀ ಕವರು ಕೊಳ್ಳಬೇಕು.

ಇಂಜಿನ್ನು ಪೂರ್ತಿ ತಣ್ಣಗಾಗಲಿ. ಬಿಚ್ಚುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದುಕೊ, ನಿಮ್ಮ ಕಾಲದ ಒಳ್ಳೆಯ ಅನುಕೂಲ ಅದು. ಕ್ಲಿಪ್ಪನ್ನು ಪ್ಲೈಯರಿನಲ್ಲಿ ಅದುಮಿ ಹಿಂದೆ ಸರಿಸು, ಹೋಸನ್ನು ನೇರ ಎಳೆಯಬೇಡ, ಮೊದಲು ತಿರುಗಿಸಿ ಅಂಟು ಬಿಡಿಸು. ಬಿಸಿಲು, ಬಿಸಿ, ಆಯಿಲ್ ತಿಂದ ಹಳೇ ಹೋಸು ಹಪ್ಪಳದಂತೆ ಮುರಿಯುತ್ತದೆ, ಮುರಿದರೆ ಬೇಸರ ಬೇಡ, ಅದು ಹೇಗೂ ಬದಲಿಸಬೇಕಾದದ್ದು. ಗ್ರಾಮೆಟ್ಟು ಮಾತ್ರ ಹುಷಾರು. ಕಲ್ಲಾಗಿರುವ ರಬ್ಬರನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿದರೆ ಅದರ ಚೂರು ಒಳಗೆ ಬೀಳುತ್ತದೆ, ಪ್ಲಾಸ್ಟಿಕ್ ಕವರಾದರೆ ಅದೂ ಬಿರುಕು ಬಿಡುತ್ತದೆ. ತೂತಿನ ಸುತ್ತ ಬಟ್ಟೆ ಹಾಸಿ, ಉಗುರಿನಲ್ಲೋ ಮೊಂಡು ಕಡ್ಡಿಯಲ್ಲೋ ನಿಧಾನವಾಗಿ ಎಬ್ಬಿಸು. ಬಿದ್ದ ಚೂರನ್ನು ಹೆಕ್ಕದೆ ಇಂಜಿನ್ನು ಚಾಲೂ ಮಾಡಲೇಬೇಡ.

ಹಳೇ ವಾಲ್ವನ್ನು ತೊಳೆದು ಮತ್ತೆ ಹಾಕಬಹುದಾ ಅಂತ ಕೇಳುತ್ತೀಯ. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ತೊಳೆದರೆ ಲೋಹದ ವಾಲ್ವು ಸ್ವಲ್ಪ ದಿನ ನಡೆದೀತು. ಆದರೆ ಸೋತ ಸ್ಪ್ರಿಂಗು ತೊಳೆದರೆ ಗಟ್ಟಿಯಾಗುವುದಿಲ್ಲ, ಆ ದ್ರವಕ್ಕೆ ರಬ್ಬರು ಉಬ್ಬುತ್ತದೆ. ಸಾಧಾರಣ ಕಾರಿನ ವಾಲ್ವಿಗೆ ಕೆಲವು ನೂರು ರೂಪಾಯಿ, ತೊಳೆಯುವ ಜಿಪುಣತನ ಬೇಡ. ಕೊಳ್ಳುವಾಗ ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗು. ಜೆ.ಸಿ. ರಸ್ತೆಯಲ್ಲಿ ‘ಇದೇ ಆಗುತ್ತೆ ಸಾರ್’ ಅಂತ ಬೇರೆ ಗಾಡಿಯದನ್ನು ಕೊಡುವವರಿರುತ್ತಾರೆ. ನೋಡಲು ಒಂದೇ ಥರ, ತೂತಿನ ಅಳತೆ, ಸ್ಪ್ರಿಂಗಿನ ಬಿಗಿ ಬೇರೆ. ಪಾರ್ಟ್ ನಂಬರು ಕೂಡಿಬರದಿದ್ದರೆ ಬೇಡ ಅನ್ನು. ಹೋಸಿಗೂ ಇದೇ ಮಾತು. ತೋಟದ ನೀರಿನ ಪೈಪಿನ ತುಂಡು ಹಾಕಿಸಿಕೊಳ್ಳಬೇಡ, ಆಯಿಲ್ ಬಿಸಿಗೆ ಮೆತ್ತಗಾಗಿ ವ್ಯಾಕ್ಯೂಮಿಗೆ ಒಳಕ್ಕೆ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ.

ಹಾಕುವಾಗ ದಿಕ್ಕು ತಪ್ಪಬಾರದು, ಫೋಟೋ ನೋಡಿಕೊ. ಗ್ರಾಮೆಟ್ಟಿಗೆ ಒಂದು ಹನಿ ಇಂಜಿನ್ ಆಯಿಲ್ ಸವರಿ ಹೆಬ್ಬೆರಳಿನಲ್ಲಿ ತಳ್ಳಿದರೆ ಕೂರುತ್ತದೆ. ಮರೆ ಇದ್ದರೆ ಮೊದಲು ಕೈಯಲ್ಲೇ ಹತ್ತಿಸು, ಕೊನೆಗೆ ಹದವಾಗಿ ಬಿಗಿ. ಕವರಿನ ಮರೆ ಹೋಯಿತೋ ವಾಲ್ವಿನ ನೂರಾರು ರೂಪಾಯಿ ಸಾವಿರಾರಾಗುತ್ತದೆ. ಚಾಲೂ ಮಾಡಿ ಸುಸ್ ಅನ್ನುವ ಗಾಳಿಯ ಸದ್ದಿದೆಯಾ ಕೇಳು. ಐಡ್ಲಿಂಗು ಮೊದಲ ದಿನ ಸ್ವಲ್ಪ ಆಡಿದರೂ ಕಂಪ್ಯೂಟರು ಹೊಸ ಲೆಕ್ಕ ಕಲಿತುಕೊಳ್ಳುತ್ತದೆ. ಇಷ್ಟಾದರೂ ಒತ್ತಡ ಇಳಿಯದಿದ್ದರೆ ಕವರಿನ ಒಳಗೆ ಆಯಿಲ್ ತಡೆಯಲು ಇಟ್ಟ ತಗಡಿನ ಅರೆಯಲ್ಲಿ ಗಸಿ ತುಂಬಿರಬಹುದು. ಆಗ ಕವರು ಬಿಚ್ಚಿ ತೊಳೆಯಬೇಕು, ಹೊಸ ವಾಲ್ವು ಒಂದೇ ಏನೂ ಮಾಡಲಾರದು.

ಡೀಸೆಲ್ ಗಾಡಿಯ ಲೆಕ್ಕ ಬೇರೆ. ಅಲ್ಲಿ ಪೆಟ್ರೋಲಿನಂತೆ ಮ್ಯಾನಿಫೋಲ್ಡಿನ ವ್ಯಾಕ್ಯೂಮಿಲ್ಲ, ಟರ್ಬೋದ ಬಾಯಿಯ ಎಳೆತ, ಆಯಿಲ್ ಬೇರ್ಪಡಿಸುವ ಡಬ್ಬಿ, ಡಯಾಫ್ರಾಮು ಸೇರಿ ಈ ಕೆಲಸ ಮಾಡುತ್ತವೆ. ಇಂಟರ್‌ಕೂಲರ್ ಪೈಪಿನಲ್ಲಿ ತೆಳು ಪಸೆ ಇದ್ದರೆ ಇರಲಿ, ಬಗ್ಗಿಸಿದಾಗ ಆಯಿಲ್ ಸುರಿದರೆ ಬಿಡಬೇಡ. ಡಿಪ್‌ಸ್ಟಿಕ್ಕಿನ ಗುರುತಿಗಿಂತ ಮೇಲೆ ಆಯಿಲ್ ತುಂಬಿದ, ಬ್ರೀದರು ಕಟ್ಟಿದ ಡೀಸೆಲ್ ಇಂಜಿನ್ನು ತನ್ನ ಆಯಿಲನ್ನೇ ಇಂಧನ ಮಾಡಿಕೊಂಡು ಹುಚ್ಚೆದ್ದು ಓಡಬಹುದು. ಆಗ 'ಕೀ' ತೆಗೆದರೂ ನಿಲ್ಲುವುದಿಲ್ಲ. ಮ್ಯಾನ್ಯುವಲ್ ಗೇರಿನ ಗಾಡಿಯಾದರೆ ಬ್ರೇಕನ್ನು ಬಲವಾಗಿ ತುಳಿದು, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಡಬೇಕು. ಬಾನೆಟ್ ತೆಗೆದು ಹತ್ತಿರ ಹೋಗಿ ನಿಲ್ಲಬಾರದು. ಆಯಿಲನ್ನು ‘ಇರಲಿ ಸ್ವಲ್ಪ ಜಾಸ್ತಿ’ ಅಂತ ಸುರಿಯುವ ಅಭ್ಯಾಸ ಯಾವ ಗಾಡಿಗೂ ಬೇಡ.

ಈಗ ಹುಡುಗರಲ್ಲಿ ಆಯಿಲ್ ಕ್ಯಾಚ್ ಕ್ಯಾನ್ ಹಾಕಿಸುವ ಷೋಕಿ ಶುರುವಾಗಿದೆ. ಹೋಸಿನ ನಡುವೆ ಒಂದು ಹೊಳೆಯುವ ಡಬ್ಬಿ. ನೇರ ಬೋರಿಗೆ ಇಂಜೆಕ್ಟ್ ಮಾಡುವ ಟರ್ಬೋ ಪೆಟ್ರೋಲ್ ಇಂಜಿನ್ನಿಗೆ ಅದರಿಂದ ಒಂದಿಷ್ಟು ಉಪಯೋಗವಿದೆ, ಅಲ್ಲಿ ಇನ್‌ಟೇಕ್ ವಾಲ್ವುಗಳನ್ನು ಪೆಟ್ರೋಲು ತೊಳೆಯುವುದಿಲ್ಲವಾದ್ದರಿಂದ ಆಯಿಲ್ ಆವಿ ಕರಿಯಾಗಿ ಕೂರುತ್ತದೆ. ನಿನ್ನ ಕಾರಿಗೆ ಅದು ಬೇಕಿಲ್ಲ. ಹಾಕಿಸಿ ಖಾಲಿ ಮಾಡಲು ಮರೆತರೆ ತೊಂದರೆಯೇ ಹೆಚ್ಚು, ಗಾಳಿಗೆ ತೆರೆದಿಟ್ಟರೆ ಕಾನೂನಿಗೂ ವಿರುದ್ಧ.

ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅನ್ನುವುದನ್ನು ಮೊದಲು ಕಾರಿನ ಪುಸ್ತಕದಲ್ಲಿ ನೋಡು. ನನ್ನ ಲೆಕ್ಕ ಕೇಳಿದರೆ ಪ್ರತಿ ಸಲ ಆಯಿಲ್ ಬದಲಿಸುವಾಗ ಹೋಸು ಮುಟ್ಟಿ ನೋಡಬೇಕು, ಊರೊಳಗೇ ಓಡುವ ಕಾರಿಗೆ 40,000 ಕಿಲೋಮೀಟರಿನ ಹೊತ್ತಿಗೆ ಹೊಸ ವಾಲ್ವು ಹಾಕಬೇಕು. ಹಳೇ ಕಾರು ಕೊಂಡವನು ಹಿಂದಿನವರು ಹಾಕಿಸಿದ್ದರಾ ಅಂತ ವಿಚಾರಿಸುತ್ತಾ ಕೂರದೆ ಮೊದಲ ಸರ್ವೀಸಿಗೇ ಹಾಕಿಸಿಬಿಡಬೇಕು. ಹಾಕಿದ ಮೇಲೆ ಸೀಲಿನ ಸುತ್ತ ಚೆನ್ನಾಗಿ ಒರೆಸಿ, ಐನೂರು ಕಿಲೋಮೀಟರು ಓಡಿಸಿ ಮತ್ತೆ ನೋಡು. ಸೋರುವುದು ನಿಂತಿದ್ದರೆ ಗೇರ್‌ಬಾಕ್ಸ್ ಇಳಿಸುವ ಖರ್ಚು ಉಳಿಯಿತು. ನಿಲ್ಲದಿದ್ದರೆ ಸೀಲು ನಿಜವಾಗಿಯೂ ಗಟ್ಟಿಯಾಗಿದೆ, ಬದಲಿಸಲು ಹೇಳು. ಆಗ ಹಾಕುವ ಹೊಸ ಸೀಲು ಬಾಳಿಕೆ ಬರುತ್ತದೆ.

ಅಂಗಡಿಗೆ ಹೋದಾಗ ಗ್ರಾಮೆಟ್ಟನ್ನೂ ಬೇರೆಯಾಗಿ ಕೇಳಿ ತೆಗೆದುಕೊ. ಬಹಳ ಕಾರುಗಳಲ್ಲಿ ಅದು ವಾಲ್ವಿನ ಜೊತೆ ಬರುವುದಿಲ್ಲ.